ದೀಪದ ಅರ್ಧ ಗೋಡೆಯಲ್ಲಿದೆ

ಹೊಸದಾಗಿ ಕಟ್ಟಿದ ಮನೆ, ಫ್ಲ್ಯಾಟು, ಕಚೇರಿಗಳ ಬೆಳಕಿನ ವ್ಯವಸ್ಥೆ ಈಗ ಬಹುತೇಕ ಒಂದೇ ಅಚ್ಚಿನದು. ಸೂರಿನಡಿ ಜಿಪ್ಸಂ ಹಲಗೆಯ ಫಾಲ್ಸ್ ಸೀಲಿಂಗ್, ಅದರಲ್ಲಿ ತೂತು ಕೊರೆದು ಕೂರಿಸಿದ ದುಂಡನೆಯ ಡೌನ್‌ಲೈಟ್‌ಗಳ ಸಾಲು. ಎಲ್ಲವನ್ನೂ ಹೊತ್ತಿಸಿದರೆ ನೆಲದ ಟೈಲ್ಸು ಥಳಥಳಿಸುತ್ತದೆ. ಗೋಡೆಯ ಮೇಲ್ಭಾಗ ಮಾತ್ರ ಮಬ್ಬಾಗಿಯೇ ಉಳಿಯುತ್ತದೆ. ಎದುರಿಗೆ ಕೂತವರ ಕಣ್ಣಿನ ಗುಳಿಯಲ್ಲಿ, ಮೂಗಿನ ಕೆಳಗೆ, ಗದ್ದದಡಿಯಲ್ಲಿ ನೆರಳು ಬೀಳುತ್ತದೆ. ಬೆಳಕು ಸಾಲದು ಅನ್ನಿಸಿ ಇನ್ನೆರಡು ದೀಪ ಸೇರಿಸಿದರೆ ನೆಲ ಮತ್ತಷ್ಟು ಹೊಳೆಯುತ್ತದೆಯೇ ಹೊರತು ಕೋಣೆಯ ಮಂಕು ಹೋಗುವುದಿಲ್ಲ. ಇದಕ್ಕೆ ಕಾರಣ ಹುಡುಕಬೇಕಾದದ್ದು ದೀಪಗಳ ಸಂಖ್ಯೆಯಲ್ಲಲ್ಲ, ಎಲೆಕ್ಟ್ರಿಷಿಯನ್ ಕೈಯಲ್ಲಿರುವ ನಕ್ಷೆಯಲ್ಲಿ. ಆ ನಕ್ಷೆ ಮನೆಯನ್ನು ನೆತ್ತಿಯ ಮೇಲಿಂದ ನೋಡಿ ಬರೆದದ್ದು. ಅದರಲ್ಲಿ ಗೋಡೆ ಎಂದರೆ ಬರೀ ಎರಡು ಗೆರೆ. ಗೆರೆಯ ಮೇಲೆ ಬೆಳಕು ಹೇಗೆ ಬೀಳಬೇಕೆಂದು ಯಾರೂ ಯೋಚಿಸುವುದಿಲ್ಲ. ಗೆರೆಗಳ ನಡುವಿನ ಖಾಲಿ ಜಾಗದಲ್ಲಿ ಸಮ ಅಂತರದ ಸೊನ್ನೆಗಳನ್ನು ಬರೆದು ಮುಗಿಸುತ್ತಾರೆ. ಆ ಸೊನ್ನೆಗಳೇ ಡೌನ್‌ಲೈಟ್‌ಗಳು.

ನಾವು ಬದುಕುವುದು ನೆತ್ತಿಯ ಮೇಲಿಂದ ನೋಡುತ್ತ ಅಲ್ಲ. ನಿಂತಾಗ, ಕೂತಾಗ, ಮಾತಾಡುವಾಗ ನಮ್ಮ ದೃಷ್ಟಿ ಹೆಚ್ಚುಕಡಿಮೆ ಅಡ್ಡಕ್ಕೆ ಸಾಗುತ್ತದೆ. ಅದಕ್ಕೆ ಎದುರಾಗುವುದು ಗೋಡೆ, ಬಾಗಿಲು, ಪರದೆ, ಜನರ ಮುಖ. ಕೋಣೆ ಬೆಳಗಿದೆಯೇ ಮಂಕಾಗಿದೆಯೇ ಎಂಬ ತೀರ್ಪನ್ನು ಕಣ್ಣು ಕೊಡುವುದು ಈ ನೇರ ನಿಂತ ಮೇಲ್ಮೈಗಳನ್ನು ನೋಡಿಯೇ. ಈ ಮಾತಿಗೆ ಪ್ರಯೋಗಗಳ ಆಧಾರವಿದೆ. ಅಮೆರಿಕದ ಜಾನ್ ಫ್ಲಿನ್ ಮತ್ತು ಸಂಗಡಿಗರು ಜನರಲ್ ಎಲೆಕ್ಟ್ರಿಕ್ ಕಂಪನಿಯ ನೀಲಾ ಪಾರ್ಕಿನ ಸಭಾಕೋಣೆಯೊಂದರಲ್ಲಿ ಆರು ಬಗೆಯ ಬೆಳಕಿನ ವ್ಯವಸ್ಥೆಗಳನ್ನು ಜನರಿಗೆ ತೋರಿಸಿ, 1973ರಲ್ಲಿ ಫಲಿತಾಂಶ ಪ್ರಕಟಿಸಿದರು. ಗೋಡೆಗಳು ಬೆಳಗಿದ್ದ ವ್ಯವಸ್ಥೆಗಳಲ್ಲಿ ಅದೇ ಕೋಣೆ ಹೆಚ್ಚು ವಿಶಾಲವಾಗಿ, ಹೆಚ್ಚು ಹಿತವಾಗಿ ಕಂಡಿತ್ತು. 1994ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಲೋ ಮತ್ತು ಸಹೋದ್ಯೋಗಿಗಳು ಇನ್ನಷ್ಟು ಖಚಿತವಾದ ಅಳತೆ ಕೊಟ್ಟರು. ಕಣ್ಣಿನ ಮಟ್ಟದಲ್ಲಿ ಅಡ್ಡಕ್ಕೆ ಹಾಯುವ ಸುಮಾರು 40 ಡಿಗ್ರಿ ಅಗಲದ ಪಟ್ಟಿಯೊಂದನ್ನು ಕಲ್ಪಿಸಿಕೊಳ್ಳಿ. ಅದರೊಳಗೆ ಬರುವ ಮೇಲ್ಮೈಗಳ ಸರಾಸರಿ ಹೊಳಪು ಚದರ ಮೀಟರಿಗೆ 30 ಕ್ಯಾಂಡೆಲಾ ಮುಟ್ಟಿದರೆ ಜನ ಕೋಣೆಯನ್ನು ‘ಬೆಳಕಾಗಿದೆ’ ಎಂದು ಒಪ್ಪುತ್ತಾರೆ. ಒಳಾಂಗಣ ಕಾರ್ಯಸ್ಥಳಗಳಿಗಾಗಿ ಇರುವ ಯುರೋಪಿನ ಬೆಳಕಿನ ಮಾನದಂಡ ಮೊದಲು ಮುಖ್ಯವಾಗಿ ಮೇಜಿನ ಮೇಲಿನ ಬೆಳಕನ್ನೇ ಲೆಕ್ಕ ಹಾಕುತ್ತಿತ್ತು. 2011ರ ಆವೃತ್ತಿ ಗೋಡೆಗೆ ಕನಿಷ್ಠ 50 ಲಕ್ಸ್, ಸೂರಿಗೆ ಕನಿಷ್ಠ 30 ಲಕ್ಸ್ ಎಂದು ಸೇರಿಸಿತು. ಗೋಡೆಯೂ ಲೆಕ್ಕಕ್ಕೆ ಬಂದದ್ದು ಹೀಗೆ.

ಈ 30 ಕ್ಯಾಂಡೆಲಾ ಎಂಬ ಸಂಖ್ಯೆಯನ್ನು ಹಿಡಿದು ಒಂದು ಸಣ್ಣ ಲೆಕ್ಕ ಮಾಡಿದರೆ ಗೋಡೆದೀಪದ ವಿನ್ಯಾಸದ ಮೂಲಸೂತ್ರ ಕೈಗೆ ಸಿಗುತ್ತದೆ. ಗೋಡೆಯ ಹೊಳಪು ಎರಡು ಸಂಗತಿಗಳ ಗುಣಲಬ್ಧ: ಅದರ ಮೇಲೆ ಬಿದ್ದ ಬೆಳಕೆಷ್ಟು, ಬಿದ್ದದ್ದರಲ್ಲಿ ಅದು ಮರಳಿಸುವುದೆಷ್ಟು. ತಿಳಿಬಣ್ಣದ ಮಂದ ಪೇಂಟು ನೂರಕ್ಕೆ 70 ಪಾಲು ಬೆಳಕನ್ನು ಮರಳಿಸುತ್ತದೆ ಎಂದುಕೊಂಡರೆ, 30 ಕ್ಯಾಂಡೆಲಾ ಹೊಳಪಿಗೆ ಸುಮಾರು 135 ಲಕ್ಸ್ ಬೆಳಕು ಸಾಕು. ಅದೇ ಗೋಡೆಗೆ ಗಾಢ ಕಂದು ಲ್ಯಾಮಿನೇಟು ಹೊದಿಸಿ, ಅದು ನೂರಕ್ಕೆ 20 ಪಾಲನ್ನಷ್ಟೇ ಮರಳಿಸುವಂತಾದರೆ, ಅಷ್ಟೇ ಹೊಳಪಿಗೆ ಸುಮಾರು 470 ಲಕ್ಸ್ ಬೇಕಾಗುತ್ತದೆ. ದೀಪ ಅದೇ, ವಿದ್ಯುತ್ತು ಅದೇ. ಗೋಡೆ ಬದಲಾದದ್ದಕ್ಕೆ ಬೇಡಿಕೆ ಮೂರೂವರೆ ಪಟ್ಟು ಏರಿತು. ಹೀಗಾಗಿ ಗೋಡೆದೀಪ ಎಂದರೆ ಗೋಡೆಗೆ ತೂಗುಹಾಕಿದ ಒಂದು ವಸ್ತು ಎಂದುಕೊಳ್ಳುವುದೇ ಅರ್ಧ ತಿಳಿವಳಿಕೆ. ತಂಬೂರಿಯ ತಂತಿಗೆ ಬುರುಡೆ ಇದ್ದಂತೆ ದೀಪಕ್ಕೆ ಗೋಡೆ: ಮಿಡಿಯುವುದು ತಂತಿ, ಕೇಳಿಸುವಂತೆ ಮಾಡುವುದು ಬುರುಡೆ. ಪೇಂಟಿನ ಬಣ್ಣ, ಸಾರಣೆಯ ನಯ, ದೀಪದ ಎತ್ತರ, ಗೋಡೆಯಿಂದ ಅದು ಮುಂದಕ್ಕೆ ಚಾಚುವ ಅಳತೆ ಇವೆಲ್ಲ ಒಂದೇ ತೀರ್ಮಾನದ ಅಂಗಗಳು. ಅವನ್ನು ಬೇರೆ ಬೇರೆ ಜನ, ಬೇರೆ ಬೇರೆ ತಿಂಗಳಲ್ಲಿ, ಒಬ್ಬರನ್ನೊಬ್ಬರು ಕೇಳದೆ ನಿರ್ಧರಿಸುವುದರಿಂದಲೇ ನಮ್ಮ ಗೋಡೆದೀಪಗಳು ಹೆಚ್ಚಾಗಿ ಅಲಂಕಾರದ ಸಾಮಾನಾಗಿ ಉಳಿದಿವೆ.

ಹಿಂದಿನವರಿಗೆ ಈ ನಂಟು ಗೊತ್ತಿತ್ತು. ನಮ್ಮ ಹಳೆಯ ಮನೆಗಳ ದಪ್ಪ ಮಣ್ಣುಗೋಡೆಯಲ್ಲಿ ಎಣ್ಣೆದೀಪಕ್ಕೆಂದು ಬಿಟ್ಟ ಗೂಡನ್ನು ಬೆಳಕಿನ ಕಣ್ಣಿನಿಂದ ನೋಡಿದರೆ ಅದೊಂದು ಪೂರ್ತಿ ಸಲಕರಣೆ. ಸುಣ್ಣ ಬಳಿದ ಒಳಮೈ ಜ್ಯೋತಿಯ ಹಿಂದಕ್ಕೂ ಪಕ್ಕಕ್ಕೂ ಹೋಗುವ ಬೆಳಕನ್ನು ಹಿಡಿದು ಕೋಣೆಯ ಕಡೆಗೆ ತಿರುಗಿಸುತ್ತದೆ, ಗೋಡೆಯ ದಪ್ಪ ಗಾಳಿಯನ್ನು ತಡೆಯುತ್ತದೆ, ದೀಪ ಗೋಡೆಯೊಳಗೇ ಇರುವುದರಿಂದ ಓಡಾಡುವವರ ಭುಜಕ್ಕೆ ತಗಲುವುದಿಲ್ಲ. ಯುರೋಪಿನ ಸಿರಿವಂತರ ಮನೆಗಳಲ್ಲಿ ಗೋಡೆಯ ಮೇಣದಬತ್ತಿ ಕಂಬಿಗಳ ಹಿಂದೆ ಉಜ್ಜಿ ಹೊಳಪಿಸಿದ ಲೋಹದ ತಟ್ಟೆಯನ್ನೋ ಕನ್ನಡಿಯನ್ನೋ ಕೂರಿಸುತ್ತಿದ್ದುದೂ ಇದೇ ಲೆಕ್ಕಾಚಾರದಿಂದ. ಬೆಳಕು ದುಬಾರಿಯಾಗಿದ್ದಾಗ ಅದರ ಒಂದು ಪಾಲನ್ನೂ ಹಿಂದಕ್ಕೆ ಹೋಗಿ ಪೋಲಾಗಲು ಬಿಡುವಂತಿರಲಿಲ್ಲ. ವಿದ್ಯುತ್ತು ಬಂದು ಬೆಳಕು ಅಗ್ಗವಾದ ಮೇಲೆ ಈ ಎಚ್ಚರ ಸಡಿಲವಾಯಿತು.

ಹಾಗೆಂದು ಗೋಡೆ ಪೂರಾ ಕೈಬಿಟ್ಟುಹೋಗಲಿಲ್ಲ. ನಮ್ಮ ಮನೆಗಳಲ್ಲಿ ಅರ್ಧ ಶತಮಾನ ಆಳಿದ ನಾಲ್ಕಡಿ ಟ್ಯೂಬ್‌ಲೈಟು ನಿಜದಲ್ಲಿ ಒಂದು ಗೋಡೆದೀಪವೇ. ಸೂರಿನ ನಟ್ಟನಡುವಿನ ಜಾಗವನ್ನು ಫ್ಯಾನು ಹಿಡಿದುಕೊಂಡಿದ್ದರಿಂದ ಅದು ಗೋಡೆಗೆ ಬಂತು. ಅದರ ಬೆಳಕು ತನ್ನ ಹಿಂದಿನ ಗೋಡೆಗೂ ಸೂರಿಗೂ ಎದುರುಗೋಡೆಗೂ ಹರಡಿ, ಕೋಣೆಯೆಲ್ಲ ತುಂಬುತ್ತಿತ್ತು. ಅದರ ದೋಷ ಬೇರೆ: ಬರಿಗೊಳವೆ ನೇರ ಕಣ್ಣಿಗೆ ಹೊಡೆಯುತ್ತಿತ್ತು, ಹಳೆಯ ಚೋಕು ಇದ್ದರೆ ಮಿಣುಕುತ್ತಿತ್ತು, ಮುಖಗಳು ಬಿಳಿಚಿಕೊಳ್ಳುತ್ತಿದ್ದವು. ಅದನ್ನು ಕಿತ್ತು ಡೌನ್‌ಲೈಟು ಹಾಕಿದಾಗ ದೋಷದ ಜೊತೆಗೆ ಗುಣವೂ ಹೋಯಿತು. ಫ್ಯಾನಿನ ವಿಷಯದಲ್ಲಂತೂ ಹೊಸ ತೊಂದರೆಯೇ ಹುಟ್ಟಿತು. ಮೂರು ರೆಕ್ಕೆಯ ಫ್ಯಾನು ನಿಮಿಷಕ್ಕೆ 300 ಸುತ್ತು ತಿರುಗುತ್ತಿದ್ದರೆ, ರೆಕ್ಕೆಯ ಮೇಲ್ಗಡೆ ಇರುವ ದೀಪದ ಕಿರಣವನ್ನು ಅದು ಸೆಕೆಂಡಿಗೆ 15 ಸಲ ಕತ್ತರಿಸುತ್ತದೆ. ಕಣ್ಣಿಗೆ ಅತಿಹೆಚ್ಚು ಕಿರಿಕಿರಿಯಾಗುವ ಮಿಣುಕಿನ ವೇಗ ಇದರ ಆಸುಪಾಸಿನದೇ. ಫ್ಯಾನು ವರ್ಷದ ಹೆಚ್ಚಿನ ತಿಂಗಳು ತಿರುಗುವ ನಾಡಿನಲ್ಲಿ ರೆಕ್ಕೆಗಳ ಮಟ್ಟಕ್ಕಿಂತ ಕೆಳಗೆ, ಗೋಡೆಯ ಮೇಲೆ ದೀಪವಿರುವುದು ಶೋಕಿಯಲ್ಲ, ಲೆಕ್ಕಕ್ಕೆ ಸರಿಹೊಂದುವ ಮಾತು.

ಗೋಡೆಯನ್ನೇ ಬೆಳಗಿಸಬಹುದು ಎಂಬುದನ್ನು ಆಧುನಿಕ ವಾಸ್ತುಶಿಲ್ಪದಲ್ಲಿ ಒಂದು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಮುಖ್ಯರು ಅಮೆರಿಕದ ರಿಚರ್ಡ್ ಕೆಲ್ಲಿ. 1950ರ ದಶಕದ ಮೊದಲ ವರ್ಷಗಳಲ್ಲಿ ಅವರು ಬೆಳಕಿಗೆ ಮೂರು ಕೆಲಸಗಳಿವೆ ಎಂದು ವಿಂಗಡಿಸಿದರು: ಕೋಣೆಯನ್ನೆಲ್ಲ ತುಂಬುವ ನೆರಳಿಲ್ಲದ ಹರಡುಬೆಳಕು, ಒಂದು ಕಡೆಗೆ ಗಮನ ಸೆಳೆಯುವ ಬೆಳಕು, ಕಣ್ಣಿಗೆ ಉಲ್ಲಾಸ ಕೊಡುವ ಮಿನುಗು. ನ್ಯೂಯಾರ್ಕಿನಲ್ಲಿ 1958ರಲ್ಲಿ ಮುಗಿದ ಸೀಗ್ರಾಮ್ ಕಟ್ಟಡದಲ್ಲಿ ಅವರ ಕೆಲಸ ನೋಡಬಹುದು. ಮೀಸ್ ವಾನ್ ಡೆರ್ ರೋಹೆ ಮತ್ತು ಫಿಲಿಪ್ ಜಾನ್ಸನ್ ವಿನ್ಯಾಸದ ಆ ಗಾಜಿನ ಗೋಪುರದ ನೆಲಮಹಡಿಯಲ್ಲಿ ಲಿಫ್ಟುಗಳ ಸುತ್ತಲಿನ ಟ್ರಾವರ್ಟೀನ್ ಕಲ್ಲಿನ ಗೋಡೆಗಳ ಮೇಲೆ ಸೂರಿನಿಂದ ಬೆಳಕನ್ನು ಸಮನಾಗಿ ಇಳಿಸಿ ತೊಳೆದಂತೆ ಮಾಡಿದರು. ದೀಪ ಎಲ್ಲಿದೆಯೆಂದು ಕಾಣದು. ಕಾಣುವುದು ಬೆಳಗಿದ ಕಲ್ಲು. ರಾತ್ರಿ ಹೊರಗಿನ ಬೀದಿಯಿಂದ ನೋಡಿದವರಿಗೆ ಕಟ್ಟಡದ ಒಳಗು ಹೊರಗು ಒಂದೇ ಆದಂತೆ ತೋರುವುದು ಆ ಗೋಡೆಗಳಿಂದಲೇ. ದೀಪ ಅಲ್ಲಿ ಗೋಡೆಗೆ ಅಂಟಿಲ್ಲವಾದರೂ ಗೋಡೆದೀಪ ಮಾಡುವವರಿಗೆ ಪಾಠ ಅದರಲ್ಲಿದೆ: ಮೊದಲು ಬೆಳಗಬೇಕಾದ ಮೇಲ್ಮೈಯನ್ನು ಆರಿಸಬೇಕು, ಆಮೇಲೆ ದೀಪವನ್ನು.

ದೀಪವನ್ನು ಗೋಡೆಗೇ ಅಂಟಿಸಿದಾಗ ಭೌತಶಾಸ್ತ್ರ ಒಂದು ಗಟ್ಟಿ ಅಡ್ಡಿಯನ್ನು ತಂದೊಡ್ಡುತ್ತದೆ. ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಓರೆಯಾಗಿ ಬಿದ್ದರೆ ಇನ್ನೂ ಕುಗ್ಗುತ್ತದೆ. ಎಲ್ಲ ದಿಕ್ಕಿಗೂ ಸಮನಾಗಿ ಬೆಳಕು ಚೆಲ್ಲುವ ಪುಟ್ಟ ಬಲ್ಬೊಂದು ಗೋಡೆಯಿಂದ 10 ಸೆಂಟಿಮೀಟರ್ ದೂರದಲ್ಲಿದ್ದರೆ, ಬಲ್ಬಿನ ನೇರ ಹಿಂದಿನ ಜಾಗಕ್ಕೆ ಬೀಳುವ ಬೆಳಕು ಅದರಿಂದ ಒಂದು ಮೀಟರ್ ಕೆಳಗಿನ ಜಾಗಕ್ಕೆ ಬೀಳುವುದರ ಸುಮಾರು ಸಾವಿರ ಪಟ್ಟು. ಬಲ್ಬನ್ನು ಗೋಡೆಯಿಂದ 20 ಸೆಂಟಿಮೀಟರ್ ದೂರಕ್ಕೆ ತಂದರೆ ಈ ಅಂತರ ಸುಮಾರು 130 ಪಟ್ಟಿಗೆ, 30 ಸೆಂಟಿಮೀಟರಿಗೆ ತಂದರೆ 40 ಪಟ್ಟಿಗೆ ಇಳಿಯುತ್ತದೆ. ಅಗ್ಗದ ಗೋಡೆದೀಪಗಳ ಹಿಂದೆ ಕಣ್ಣು ಕುಕ್ಕುವ ಬಿಳಿ ಮಚ್ಚೆ, ಅದರಾಚೆ ಕತ್ತಲೆ ಏಕೆ ಎಂಬುದಕ್ಕೆ ಉತ್ತರ ಇದೇ. ಮುಂದಕ್ಕೆ ಚಾಚಿದರಾಯಿತು ಅನ್ನಬಹುದು. ಆದರೆ ಓಣಿಯಂಥ ಪಡಸಾಲೆಯಲ್ಲಿ ಅದು ಭುಜಕ್ಕೆ, ತಲೆಗೆ ಬಡಿಯುತ್ತದೆ. ದೃಷ್ಟಿಹೀನರ ಕೋಲು ನೆಲ ತಡವುತ್ತದೆಯೇ ಹೊರತು ಎದೆಮಟ್ಟದ ದೀಪವನ್ನು ಮುಟ್ಟುವುದಿಲ್ಲ. ಇದನ್ನು ಯೋಚಿಸಿಯೇ ಅಮೆರಿಕದ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿಯ ಮಾನದಂಡಗಳು, ನೆಲದಿಂದ 27 ಇಂಚು ಮತ್ತು 80 ಇಂಚುಗಳ ನಡುವೆ ಗೋಡೆಗೆ ಅಂಟಿದ ಯಾವ ವಸ್ತುವೂ ಓಡಾಟದ ದಾರಿಗೆ 4 ಇಂಚಿಗಿಂತ ಹೆಚ್ಚು ಚಾಚಬಾರದೆಂದು ವಿಧಿಸುತ್ತವೆ. ಸಮಬೆಳಕಿಗೆ ದೀಪ ಮುಂದೆ ಬರಬೇಕು, ಸುರಕ್ಷೆಗೆ ಹಿಂದೆ ಸರಿಯಬೇಕು. ಗೋಡೆದೀಪದ ವಿನ್ಯಾಸಕರ ನಿಜವಾದ ಕೆಲಸ ಈ ಎರಡರ ನಡುವಿನ ಜಗ್ಗಾಟವನ್ನು ಬಗೆಹರಿಸುವುದು. ಹತ್ತಿರದ ಗೋಡೆಗೆ ಹೋಗುವ ಕಿರಣಗಳನ್ನು ಮರೆಮಾಡಿ, ದೂರಕ್ಕೆ ಹೋಗುವವನ್ನು ಮಸೂರದಿಂದಲೋ ಬಾಗಿದ ಪ್ರತಿಫಲಕದಿಂದಲೋ ಬಲಪಡಿಸುವುದು ಅದಕ್ಕೆ ದಾರಿ. ಹಾಳೆಯಷ್ಟು ತೆಳ್ಳನೆಯ ದೀಪಕ್ಕೂ ಅಂಗಡಿಯಲ್ಲಿ ಹೆಚ್ಚು ಬೆಲೆ ಕೇಳಿದರೆ, ಆ ಬೆಲೆ ಇಂಥ ಮಸೂರಕ್ಕೋ ಬರೀ ಹಿತ್ತಾಳೆಯ ಬಣ್ಣಕ್ಕೋ ಎಂದು ಕೇಳಿ ತಿಳಿಯಬೇಕು.

ಬೆಳಕಿನ ಮೂಲವನ್ನು ಮರೆಮಾಡುವುದು ಎರಡನೆಯ ಸವಾಲು. ಎಲ್‌ಇಡಿ ಬಂದಮೇಲೆ ಇದು ಮೊದಲಿಗಿಂತ ಕಠಿಣವಾಗಿದೆ. ಹಳೆಯ 36 ವಾಟ್ ಟ್ಯೂಬಿನ ಮೈಯ ಹೊಳಪು ಚದರ ಮೀಟರಿಗೆ ಸುಮಾರು 8,000 ಕ್ಯಾಂಡೆಲಾ. ಒಂದು ಸೆಂಟಿಮೀಟರ್ ಅಗಲದ ಎಲ್‌ಇಡಿ ಬಿಲ್ಲೆ 1,000 ಲುಮೆನ್ ಸೂಸಿದರೆ ಅದರ ಹೊಳಪು 40 ಲಕ್ಷ ಕ್ಯಾಂಡೆಲಾದ ಹತ್ತಿರ ಬರುತ್ತದೆ. ಬೆಳಗಿದ ಗೋಡೆ 30ರಲ್ಲಿ ಹಿತವಾಗಿರುವಾಗ ಪಕ್ಕದಲ್ಲೇ 40 ಲಕ್ಷದ ಚುಕ್ಕೆಯೊಂದು ಕಂಡರೆ ಕಣ್ಣು ಆ ಚುಕ್ಕೆಗೆ ತಕ್ಕಂತೆ ಕುಗ್ಗುತ್ತದೆ, ಗೋಡೆ ಕತ್ತಲಾಗುತ್ತದೆ. ಡೆನ್ಮಾರ್ಕಿನ ಪೌಲ್ ಹೆನ್ನಿಂಗ್ಸನ್ 1920ರ ದಶಕದಲ್ಲೇ ವಿದ್ಯುದ್ದೀಪದ ಈ ಕುಕ್ಕುವ ಗುಣದ ವಿರುದ್ಧ ಸೆಣಸಿದವರು. ಒಂದರ ಕೆಳಗೊಂದು ಜೋಡಿಸಿದ ಬಾಗಿದ ಷೇಡುಗಳಿಂದ ಅವರು ಬಲ್ಬು ಯಾವ ಕೋನದಿಂದಲೂ ಕಾಣದ ಹಾಗೆ, ಆದರೆ ಅದರ ಬೆಳಕೆಲ್ಲ ಷೇಡುಗಳ ಮೈಯಿಂದ ಮೆದುವಾಗಿ ಹೊರಬೀಳುವ ಹಾಗೆ ಮಾಡಿದರು. ಅವರ ಹೆಸರಿನ ದೀಪಗಳಲ್ಲಿ ಗೋಡೆಗೆ ಹಾಕುವ ಮಾದರಿಗಳೂ ಇವೆ, ಇಂದಿಗೂ ತಯಾರಾಗುತ್ತಿವೆ. ಲ ಕಾರ್ಬೂಸಿಯೇ ಮಾರ್ಸೆಯ್ ನಗರದ ವಸತಿ ಕಟ್ಟಡಕ್ಕೆಂದು ಮಾಡಿದ ಗೋಡೆದೀಪದಲ್ಲಿ ಒಂದು ಭಾಗ ಮೇಲಕ್ಕೂ ಇನ್ನೊಂದು ಕೆಳಕ್ಕೂ ಬೆಳಕು ಬೀರುತ್ತದೆ: ಸೂರಿಗೆ ಒಂದು ಪಾಲು, ಓದುವ ಕೈಗೆ ಇನ್ನೊಂದು. ಚಂಡೀಗಢ ಕಟ್ಟಿದ ಅದೇ ವಾಸ್ತುಶಿಲ್ಪಿ ದೀಪವನ್ನು ಕಟ್ಟಡದ ಒಂದು ಭಾಗವಾಗಿಯೇ ಯೋಚಿಸಿದ್ದರು ಎಂಬುದಕ್ಕೆ ಇದು ಸಾಕ್ಷಿ.

ಮೂಲ ಮರೆಯಾಗಬೇಕೆಂದರೆ ಯಾರ ಕಣ್ಣಿನಿಂದ ಎಂದು ಕೇಳಬೇಕು. ಎತ್ತರದ ಪ್ರಶ್ನೆ ಅಲ್ಲೇ ತೀರ್ಮಾನವಾಗುತ್ತದೆ. ಮೇಲಕ್ಕೆ ತೆರೆದ ಬಟ್ಟಲಿನ ದೀಪವಾದರೆ ಅದರ ಅಂಚು ನಿಂತವರ ಕಣ್ಣಿಗಿಂತ ಮೇಲಿರಬೇಕು, ಅಂದರೆ ನೆಲದಿಂದ ಐದೂವರೆಯಿಂದ ಆರಡಿ. ಅದೇ ದೀಪ ಮೆಟ್ಟಿಲ ಗೋಡೆಯಲ್ಲಿದ್ದರೆ ಈ ಅಳತೆ ಉಪಯೋಗಕ್ಕೆ ಬಾರದು. ಮೇಲಿನಿಂದ ಇಳಿದು ಬರುವವರು ಬಟ್ಟಲಿನೊಳಗೇ ಇಣುಕುತ್ತಾರೆ, ಕಣ್ಣು ಕತ್ತಲೆಗಟ್ಟುವುದು ಕಾಲಿಡಬೇಕಾದ ಹೊತ್ತಿಗೇ. ಅಲ್ಲಿ ಮೇಲ್ಬಾಯಿಗೆ ಹಾಲುಗಾಜು ಮುಚ್ಚಬೇಕು, ಇಲ್ಲವೇ ಕೆಳಕ್ಕೆ ಮಾತ್ರ ಬೆಳಗುವ ದೀಪವನ್ನು ಮೊಣಕಾಲಿನ ಮಟ್ಟದಲ್ಲಿ ಗೋಡೆಯೊಳಗೆ ಹುದುಗಿಸಬೇಕು. ಹಾಸಿಗೆಯ ಪಕ್ಕದ ಓದುದೀಪ ಒರಗಿ ಕೂತವರ ಭುಜದ ಆಸುಪಾಸಿನಲ್ಲಿ, ಸುಮಾರು ನಾಲ್ಕಡಿಗೆ ಇರಬೇಕು. ಕಿರಣ ಕಿರಿದಾಗಿದ್ದರೆ ಪಕ್ಕದಲ್ಲಿ ಮಲಗಿದವರ ನಿದ್ದೆ ಕೆಡದು. ಸ್ವಿಚ್ಚು ಮಲಗಿದಲ್ಲೇ ಕೈಗೆಟುಕಬೇಕು. ಕನ್ನಡಿಯ ಮುಂದೆ ದೀಪ ಮೇಲುಗಡೆ ಒಂದೇ ಇದ್ದರೆ ಹುಬ್ಬಿನ ನೆರಳು ಕಣ್ಣಿಗೆ, ಮೂಗಿನ ನೆರಳು ತುಟಿಗೆ ಬೀಳುತ್ತದೆ. ಕನ್ನಡಿಯ ಎಡಬಲಗಳಲ್ಲಿ ಮುಖದ ಮಟ್ಟಕ್ಕೆ ಎರಡು ದೀಪವಿಟ್ಟರೆ ಗಡ್ಡ ಹೆರೆಯುವವರಿಗೂ ಕುಂಕುಮ ಇಡುವವರಿಗೂ ಮುಖ ಸರಿಯಾಗಿ ಕಾಣುತ್ತದೆ. ಅಲ್ಲಿ ಬಣ್ಣಗಳನ್ನು ನಿಜವಾಗಿ ತೋರಿಸುವ ಅಳತೆಯಾದ ಸಿಆರ್‌ಐ 90ಕ್ಕಿಂತ ಮೇಲಿದ್ದರೆ ಚೆನ್ನ. ಇಷ್ಟೆಲ್ಲ ಬೇರೆ ಬೇರೆ ಎತ್ತರಗಳು ಒಂದೇ ಮನೆಯಲ್ಲಿ ಬೇಕು. ನೆತ್ತಿಯ ಮೇಲಿಂದ ಬರೆದ ನಕ್ಷೆಯಲ್ಲಿ ಇವುಗಳಲ್ಲಿ ಒಂದನ್ನೂ ಗುರುತಿಸಲು ಬರುವುದಿಲ್ಲ.

ಗೋಡೆಯ ಮೈಯೂ ದೀಪದ ಜಾಗವನ್ನು ನಿರ್ಧರಿಸುತ್ತದೆ. ಬೆಳಕನ್ನು ಗೋಡೆಗೆ ತೀರ ಹತ್ತಿರದಿಂದ ಸವರಿಕೊಂಡು ಹೋಗುವಂತೆ ಬಿಟ್ಟರೆ ಮೇಲ್ಮೈಯ ಪ್ರತಿ ಉಬ್ಬಿಗೂ ನೆರಳು ಹುಟ್ಟುತ್ತದೆ. ಉಳಿಯ ಗುರುತಿರುವ ಸಾದರಹಳ್ಳಿ ಗ್ರಾನೈಟು, ಕರಾವಳಿಯ ಮುರಕಲ್ಲು, ಸಾರಣೆಯಿಲ್ಲದ ಮಣ್ಣಿನ ಇಟ್ಟಿಗೆ ಇವು ಅಂಥ ಬೆಳಕಿನಲ್ಲಿ ಜೀವ ತಳೆಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಆರಂಭವಾದ ‘ಅಸ್ತ್ರ’ ತಂಡದ ಸಂಶೋಧನೆಯಿಂದ ಒತ್ತುಮಣ್ಣಿನ ಇಟ್ಟಿಗೆಯ ಮನೆಗಳು ಈ ಭಾಗದಲ್ಲಿ ಬಳಕೆಗೆ ಬಂದವು. ಆ ಗೋಡೆಗಳು ಬೆಳಕನ್ನು ಕಡಿಮೆ ಮರಳಿಸುತ್ತವೆ, ಆದರೆ ಸವರುಬೆಳಕಿಗೆ ಹೇಳಿ ಮಾಡಿಸಿದಂತಿರುತ್ತವೆ. ಅದೇ ಬೆಳಕನ್ನು ಪುಟ್ಟಿ ಹಚ್ಚಿದ ಸಾದಾ ಗೋಡೆಗೆ ಬಿಟ್ಟರೆ ಮೇಸ್ತ್ರಿಯ ಕರಣೆ ತಿರುಗಿದ ಪ್ರತಿ ಗೆರೆಯೂ ಎದ್ದು ಕಾಣುತ್ತದೆ. ಪೇಂಟರುಗಳು ಪುಟ್ಟಿಯ ಏರಿಳಿತ ಹುಡುಕಲು ಗೋಡೆಗೆ ಒತ್ತಿ ಬಲ್ಬು ಹಿಡಿಯುವುದು ಇದಕ್ಕೇ. ನಯವಾದ ಗೋಡೆಗೆ ದೂರದ ಸಮಬೆಳಕು, ಒರಟು ಗೋಡೆಗೆ ಹತ್ತಿರದ ಸವರುಬೆಳಕು, ಹೊಳಪು ಪೇಂಟಿಗೆ ಎರಡೂ ಬೇಡ, ಏಕೆಂದರೆ ಅದು ಬೆಳಕನ್ನು ಹರಡದೆ ದೀಪದ ಬಿಂಬವನ್ನೇ ತೋರಿಸುತ್ತದೆ. ಇಷ್ಟು ನೆನಪಿಟ್ಟರೆ ಬಹಳಷ್ಟು ತಪ್ಪು ತಪ್ಪುತ್ತದೆ.

ಗೋಡೆಯನ್ನು ಬೆಳಗಿಸಬೇಕೆಂಬ ಈ ವಾದಕ್ಕೆ ಬರುವ ಮೊದಲ ಆಕ್ಷೇಪ ವಿದ್ಯುತ್ತಿನದು. ಬೆಳಕನ್ನು ಗೋಡೆಗೆ ಹೊಡೆದು ಮರಳಿಸಿಕೊಳ್ಳುವಾಗ ಒಂದು ಪಾಲು ಸೋರಿಹೋಗುವುದಿಲ್ಲವೇ? ಹೋಗುತ್ತದೆ. ಪುಸ್ತಕದ ಮೇಲೆ, ತರಕಾರಿ ಹೆಚ್ಚುವ ಕಟ್ಟೆಯ ಮೇಲೆ ಬೇಕಾದ ಬೆಳಕನ್ನು ಗೋಡೆಯ ಮೂಲಕ ಕೊಡಹೊರಟರೆ ಅದು ದುಂದುಗಾರಿಕೆಯೇ. ಕೆಲಸದ ಜಾಗಕ್ಕೆ ನೇರ ದೀಪವೇ ಬೇಕು, ಗೋಡೆದೀಪ ಅದರ ಬದಲಿಯಲ್ಲ. ಆದರೆ ಕೋಣೆಯ ಒಟ್ಟು ಬೆಳಕಿನ ಲೆಕ್ಕ ಬೇರೆ. ಬೆಳಕು ಗೋಡೆಯಿಂದ ಗೋಡೆಗೆ ಮತ್ತೆ ಮತ್ತೆ ಪುಟಿಯುತ್ತದೆ. ಎಲ್ಲ ಮೇಲ್ಮೈಗಳು ಸರಾಸರಿ 70 ಪಾಲು ಮರಳಿಸುವ ಕೋಣೆಯಲ್ಲಿ ಮೂಲ ಬೆಳಕೂ ಈ ಪುಟಿತಗಳೂ ಕೂಡಿದ ಮೊತ್ತ ಮೂಲ ಬೆಳಕಿನ ಮೂರು ಪಟ್ಟಿಗೂ ಮೀರುತ್ತದೆ. 30 ಪಾಲು ಮರಳಿಸುವ ಗಾಢ ಕೋಣೆಯಲ್ಲಿ ಒಂದೂವರೆ ಪಟ್ಟನ್ನೂ ಮುಟ್ಟುವುದಿಲ್ಲ. ತಿಳಿಗೋಡೆಯ ಮನೆಗೆ ಎಂಟೊಂಬತ್ತು ವಾಟಿನ ಎರಡು ಗೋಡೆದೀಪ ಮಾಡುವ ಕೆಲಸವನ್ನು ಗಾಢಗೋಡೆಯ ಮನೆಯಲ್ಲಿ ಅಷ್ಟೇ ವಾಟಿನ ನಾಲ್ಕಾರು ಡೌನ್‌ಲೈಟು ಮಾಡಲಾರವು. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಡಿ ದೇಶದಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ಹಂಚಿಕೆಯಾದವು. 60 ವಾಟಿನ ಹಳೆಯ ಬಲ್ಬಿನ ಕೆಲಸವನ್ನು 9 ವಾಟು ಮಾಡುವಂತಾಯಿತು. ವಾಟಿನ ಉಳಿತಾಯ ಬಹುಮಟ್ಟಿಗೆ ಆಗಿದೆ. ಇನ್ನು ಉಳಿತಾಯ ಸಿಗುವುದು ಬೆಳಕಿನ ದಿಕ್ಕನ್ನು ಸರಿಪಡಿಸುವುದರಲ್ಲಿ.

ಎರಡನೆಯ ಆಕ್ಷೇಪ ಅಭಿರುಚಿಯದು. ಮಂದ ಹಳದಿ ಬೆಳಕು ಹೋಟೆಲಿಗೆ ಚಂದ, ನಮಗೆ ಮನೆಯೆಂದರೆ ಢಾಳಾದ ಬಿಳಿ ಬೆಳಕೇ ಬೇಕು, ವಿದೇಶದ ಪ್ರಯೋಗಶಾಲೆಯ ಇಷ್ಟಾನಿಷ್ಟ ನಮ್ಮ ಮೇಲೇಕೆ ಎಂಬ ಮಾತು ಸಾಮಾನ್ಯ. ಫ್ಲಿನ್ ಅವರ ಪ್ರಯೋಗ ಒಂದೇ ಕೋಣೆಯಲ್ಲಿ, ಒಂದು ದೇಶದ ಜನರ ಮೇಲೆ ನಡೆದದ್ದು ನಿಜ. ಅದನ್ನು ಎಲ್ಲ ಕಾಲ, ಎಲ್ಲ ಜನರ ನಿಯಮ ಅನ್ನಲಾಗದು. ಆದರೆ ಈ ಆಕ್ಷೇಪದಲ್ಲಿ ಬೆಳಕಿನ ಬಣ್ಣವೂ ದಿಕ್ಕೂ ಒಂದಕ್ಕೊಂದು ಸಿಕ್ಕಿಕೊಂಡಿವೆ. ಗೋಡೆಯನ್ನು ಬೆಳಗಿಸಲು ಬೆಳಕು ಹಳದಿಯೇ ಆಗಬೇಕಿಲ್ಲ. 2,700 ಕೆಲ್ವಿನ್ ಬೆಚ್ಚನೆಯ ಬೆಳಕು ಒಗ್ಗದವರು 4,000 ಕೆಲ್ವಿನ್ ಬಿಳಿಯನ್ನೇ ಹಾಕಿಕೊಳ್ಳಬಹುದು. ಗೋಡೆ ಆಗಲೂ ಬೆಳಗುತ್ತದೆ, ಮುಖದ ನೆರಳು ಆಗಲೂ ಮಾಯವಾಗುತ್ತದೆ. ಢಾಳಾಗಿರಬೇಕು ಎನ್ನುವವರಿಗೂ ಗೋಡೆಯೇ ಬೇಕು, ಏಕೆಂದರೆ ಕಣ್ಣಿಗೆ ಢಾಳು ಎನಿಸುವುದು ಅಲ್ಲಿಂದ. ರಾತ್ರಿ ಮಲಗುವ ಕೋಣೆಯಲ್ಲಿ ಮಾತ್ರ ಬೆಚ್ಚನೆಯ, ಮಂದ ಬೆಳಕಿಗೆ ವಿಜ್ಞಾನದ ಬೆಂಬಲವಿದೆ. ನೀಲಿ ಬೆಳಕಿಗೆ ವಿಶೇಷವಾಗಿ ಸ್ಪಂದಿಸಿ ದೇಹದ ಗಡಿಯಾರಕ್ಕೆ ಹಗಲಿನ ಸುದ್ದಿ ಮುಟ್ಟಿಸುವ ಕೋಶಗಳು ಅಕ್ಷಿಪಟಲದಲ್ಲಿವೆ ಎಂಬುದು 2002ರ ಸುಮಾರಿಗೆ ಸ್ಪಷ್ಟವಾಯಿತು. ಮಲಗುವ ಹೊತ್ತಿಗೆ 6,500 ಕೆಲ್ವಿನ್ ಬೆಳಕನ್ನು ನೆತ್ತಿಯ ಮೇಲಿಂದ ಸುರಿಸಿಕೊಳ್ಳುವುದು ಆ ಗಡಿಯಾರಕ್ಕೆ ತಪ್ಪು ಸುದ್ದಿ ಕೊಟ್ಟಂತೆ.

ವಯಸ್ಸಾದವರಿಗೆ ಹೆಚ್ಚು ಬೆಳಕು ಬೇಕಲ್ಲವೇ ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಬೇಕು, ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ ಮುಟ್ಟುವ ಬೆಳಕು ಇಪ್ಪತ್ತರ ಕಣ್ಣಿಗೆ ಮುಟ್ಟುವುದರ ಸುಮಾರು ಮೂರನೇ ಒಂದು ಪಾಲು. ಪಾಪೆ ಕಿರಿದಾಗಿ, ಮಸೂರ ಹಳದಿಗಟ್ಟಿ ಹೀಗಾಗುತ್ತದೆ. ಆದರೆ ಅದೇ ಮಸೂರ ಬೆಳಕನ್ನು ಚೆದುರಿಸಲೂ ತೊಡಗುತ್ತದೆ. ಹಾಗಾಗಿ ಕಣ್ಣಿಗೆ ನೇರ ಬೀಳುವ ಚುಕ್ಕೆಬೆಳಕು ಹಿರಿಯರಿಗೆ ಎಳೆಯರಿಗಿಂತ ಹೆಚ್ಚು ಹಿಂಸೆ. ಅವರಿಗೆ ಬೇಕಾದದ್ದು ಹೆಚ್ಚು ಬೆಳಕು, ಜೊತೆಗೆ ಕಡಿಮೆ ಕುಕ್ಕು. ಮೂಲ ಮರೆಯಾದ, ಮೇಲ್ಮೈ ಬೆಳಗಿದ ಗೋಡೆದೀಪ ಮತ್ತು ಓದುವ ಜಾಗಕ್ಕೊಂದು ಪ್ರತ್ಯೇಕ ದೀಪ ಈ ಎರಡನ್ನೂ ಒಟ್ಟಿಗೆ ಕೊಡುತ್ತವೆ. ರಾತ್ರಿ ಎದ್ದು ಬಚ್ಚಲಿಗೆ ಹೋಗುವ ದಾರಿಯಲ್ಲಿ ಗೋಡೆಯ ಬುಡಕ್ಕೊಂದು ಮಂದ ದೀಪವಿದ್ದರೆ ದೊಡ್ಡ ದೀಪ ಹೊತ್ತಿಸಿ ಕಣ್ಣು ಕುಕ್ಕಿಸಿಕೊಳ್ಳುವ ಪ್ರಮೇಯವೇ ಇರದು.

ಮೂರನೆಯ ಆಕ್ಷೇಪ ನಮ್ಮ ಹವೆಯದು. ಇದು ಎಲ್ಲಕ್ಕಿಂತ ಗಟ್ಟಿಯಾದದ್ದು. ಮಳೆಗಾಲದ ಸಂಜೆ ಈಸಲು ಹುಳುಗಳು ಹಿಂಡುಹಿಂಡಾಗಿ ದೀಪಕ್ಕೆ ಮುತ್ತುತ್ತವೆ, ಅವನ್ನು ಹಿಡಿಯಲು ಬೆಳಗಿದ ಗೋಡೆಯ ಮೇಲೆ ಹಲ್ಲಿಗಳು ಸೇರುತ್ತವೆ, ಮೇಲಕ್ಕೆ ತೆರೆದ ಬಟ್ಟಲಿನಲ್ಲಿ ಸತ್ತ ಹುಳು, ಧೂಳು, ಜೇಡರ ಬಲೆ ತುಂಬಿಕೊಳ್ಳುತ್ತವೆ. ವಿದೇಶದ ಪತ್ರಿಕೆಗಳಲ್ಲಿ ಕಂಡ ದೀಪವನ್ನು ಹಾಗೆಯೇ ತಂದು ಮಲೆನಾಡಿನ ಜಗಲಿಗೆ ಹಾಕಿದರೆ ಒಂದೇ ಮಳೆಗಾಲದಲ್ಲಿ ಅದರ ಬೆಳಕು ಕುಗ್ಗುತ್ತದೆ. ಇದರರ್ಥ ಗೋಡೆದೀಪ ಬೇಡವೆಂದಲ್ಲ, ಅದನ್ನು ಇಲ್ಲಿಗೆಂದೇ ವಿನ್ಯಾಸ ಮಾಡಬೇಕೆಂದು. ಮೇಲ್ಬಾಯಿ ಮುಚ್ಚಿರಬೇಕು, ಸ್ಕ್ರೂಡ್ರೈವರ್ ಇಲ್ಲದೆ ಗಾಜು ಕಳಚಿ ಒರೆಸಿ ಮರಳಿ ಕೂರಿಸುವಂತಿರಬೇಕು, ಬಚ್ಚಲಿಗೆ ನೀರ ಹನಿ ತಡೆಯುವ ಐಪಿ 44, ಮಳೆ ಹೊಡೆಯುವ ಹೊರಗೋಡೆಗೆ ಐಪಿ 65 ದರ್ಜೆ ಇರಬೇಕು. ಜಗಲಿ, ಕಿಟಕಿಯ ಬದಿಗಳಲ್ಲಿ ನೀಲಿ ಅಂಶ ಕಡಿಮೆಯಿರುವ ಬೆಚ್ಚನೆಯ ಬಣ್ಣದ ಎಲ್‌ಇಡಿಗೆ ಹುಳು ಮುತ್ತುವುದು ಕಡಿಮೆ. ಫ್ಯಾನಿನ ಹತ್ತಿರ ಮೇಲ್ಮುಖದ ಪ್ರಬಲ ಕಿರಣ ಬೇಡ. ತಿರುಗುವ ರೆಕ್ಕೆಗಳ ನೆರಳು ಸೂರಿನ ಮೇಲೆ ಓಡಾಡುತ್ತದೆ.

ಸೂರಿನ ದೀಪಕ್ಕಿಲ್ಲದ ಇನ್ನೊಂದು ಜವಾಬ್ದಾರಿ ಗೋಡೆದೀಪದ ಮೇಲಿದೆ: ಅದು ಕೈಗೆ ಸಿಗುತ್ತದೆ. ಮಕ್ಕಳು ಮುಟ್ಟುತ್ತಾರೆ, ಒದ್ದೆ ಕೈಯಲ್ಲಿ ಒರೆಸುತ್ತಾರೆ. ಲೋಹದ ಮೈಯ ದೀಪಕ್ಕೆ ಅರ್ಥಿಂಗ್ ತಂತಿ ಬರಲೇಬೇಕು, ಮನೆಯ ಫಲಕದಲ್ಲಿ ಸೋರುವಿದ್ಯುತ್ತನ್ನು ಹಿಡಿದು ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಬೇಕು. ಬಾಳಿಕೆಯ ವಿಷಯದಲ್ಲೂ ಡಬ್ಬಿಯ ಮೇಲಿನ ಮಾತನ್ನು ಅಳೆದು ತಗೊಳ್ಳಬೇಕು. 25,000 ಗಂಟೆ, 50,000 ಗಂಟೆ ಎಂದು ಬರೆದಿರುವುದು ಹೆಚ್ಚಾಗಿ ಎಲ್‌ಇಡಿಯ ಬೆಳಕು ಮೊದಲಿನ ಶೇ 70ಕ್ಕೆ ಇಳಿಯುವ ಹೊತ್ತನ್ನು. ಅದಕ್ಕೂ ಮುನ್ನ ಕೈಕೊಡುವುದು ವಿದ್ಯುತ್ತನ್ನು ಹದಗೊಳಿಸುವ ಡ್ರೈವರು. ಅದರೊಳಗಿನ ಕೆಪಾಸಿಟರು ಶಾಖಕ್ಕೆ ಸಾಯುತ್ತದೆ, ಉಷ್ಣತೆ 10 ಡಿಗ್ರಿ ಏರಿದಂತೆ ಅದರ ಆಯುಸ್ಸು ಸುಮಾರು ಅರ್ಧವಾಗುತ್ತದೆ. ಗಾರೆಯ ಗೋಡೆಯೊಳಗಿನ ಇಕ್ಕಟ್ಟಾದ ಡಬ್ಬಿಯಲ್ಲಿ ಡ್ರೈವರನ್ನು ತುರುಕಿದರೆ ಆ ಶಾಖಕ್ಕೆ ದಾರಿಯೇ ಇರುವುದಿಲ್ಲ. ಡ್ರೈವರು ಕೋಣೆಯ ಕಡೆಯಿಂದಲೇ ತೆಗೆದು ಬದಲಿಸುವಂತಿದೆಯೇ, ಅದರ ಮೇಲೆ ಬಿಐಎಸ್ ನೋಂದಣಿಯ ಗುರುತಿದೆಯೇ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಗದಿದ್ದರೆ ಎಷ್ಟೇ ಸುಂದರ ದೀಪವನ್ನೂ ಬಿಟ್ಟುಬರುವುದು ಲೇಸು.

ಕೊನೆಯ ಆಕ್ಷೇಪ ಖರ್ಚಿನದು, ಬಾಡಿಗೆ ಮನೆಯದು. ಕಟ್ಟಿ ಮುಗಿದ ಮನೆಯಲ್ಲಿ ಗೋಡೆ ಕೊರೆದು ಪೈಪು ಹೂಳುವುದು ಧೂಳು, ದುಡ್ಡು, ಮನಸ್ತಾಪ ಮೂರನ್ನೂ ತರುತ್ತದೆ. ಬಾಡಿಗೆದಾರರಿಗೆ ಅದು ಸಾಧ್ಯವೂ ಇಲ್ಲ. ಆದರೆ ಗೋಡೆಯೇ ದೀಪದ ಅರ್ಧ ಎಂದ ಮೇಲೆ ಆ ಅರ್ಧವನ್ನು ಸರಿಪಡಿಸುವುದು ಸುಲಭ. ಒಂದೇ ಒಂದು ಗಾಢ ಗೋಡೆಗೆ ತಿಳಿಯಾದ ಮಂದ ಪೇಂಟು ಬಳಿದರೆ ಇರುವ ದೀಪಗಳಿಂದಲೇ ಕೋಣೆ ಬದಲಾಗುತ್ತದೆ. ಪ್ಲಗ್ಗಿಗೆ ಸಿಕ್ಕಿಸುವ ಗೋಡೆದೀಪಗಳಿವೆ, ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲಿಸುವ ನೆಲದೀಪಗಳಿವೆ. ಹಳೆಯ ಟ್ಯೂಬಿನ ಜಾಗದಲ್ಲಿ ಮೂಲ ಮರೆಯಾದ, ಮೇಲಕ್ಕೂ ಕೆಳಕ್ಕೂ ಬೆಳಗುವ ಪಟ್ಟಿದೀಪ ಹಾಕಲು ಹೊಸ ವೈರಿಂಗೂ ಬೇಡ. ಹೊಸದಾಗಿ ಕಟ್ಟುವವರಿಗಾದರೋ ಖರ್ಚಿನ ಪ್ರಶ್ನೆ ಬರೀ ಸಮಯದ ಪ್ರಶ್ನೆ. ಸಾರಣೆಗೆ ಮುಂಚೆ ಒಂದು ಪೈಪು, ಒಂದು ಡಬ್ಬಿ ಹೂಳುವುದಕ್ಕೆ ತಗಲುವ ಹಣ, ಆಮೇಲೆ ಅದನ್ನೇ ಕೊರೆದು ಹೂಳಿ ಮತ್ತೆ ಸಾರಿಸಿ ಬಳಿಯುವ ಹಣದ ಮುಂದೆ ಅತ್ಯಲ್ಪ.

ಆದ್ದರಿಂದ ಮನೆ ಕಟ್ಟಿಸುವವರು ವಾಸ್ತುಶಿಲ್ಪಿಯ ಮುಂದಿಡಬೇಕಾದ ಬೇಡಿಕೆ ಸರಳವಾದದ್ದು: ಪ್ರತಿ ಮುಖ್ಯ ಕೋಣೆಯ ನಾಲ್ಕೂ ಗೋಡೆಗಳನ್ನು ಎದುರಿಂದ ನೋಡಿದಂತೆ ನಾಲ್ಕು ಚಿತ್ರ ಬರೆದುಕೊಡಿ, ರಾತ್ರಿ ಅವು ಹೇಗೆ ಕಾಣಬೇಕೆಂದು ಅದರಲ್ಲೇ ತೋರಿಸಿ. ಪಲ್ಲಂಗ, ಕನ್ನಡಿ, ಟಿವಿ, ಕಪಾಟು, ಕೂರುವವರ ತಲೆಯ ಮಟ್ಟ ಆ ಚಿತ್ರದಲ್ಲಿ ಬರುತ್ತವೆ. ಯಾವ ಗೋಡೆ ಬೆಳಗಬೇಕು, ಯಾವುದು ಹಿನ್ನೆಲೆಗೆ ಸರಿಯಬೇಕು, ಪೇಂಟು ಯಾವುದು, ದೀಪ ಎಷ್ಟು ಎತ್ತರಕ್ಕೆ, ಎಷ್ಟು ಮುಂದಕ್ಕೆ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ. ಎಲ್ಲ ಗೋಡೆಯೂ ಬೆಳಗಬೇಕಿಲ್ಲ. ಹಾಗೆ ಮಾಡಿದರೆ ಕೋಣೆ ಚಪ್ಪಟೆಯಾಗಿ, ಕೆಲ್ಲಿ ಹೇಳಿದ ಮೂರು ಕೆಲಸಗಳಲ್ಲಿ ಎರಡು ನಡೆಯದೆ ಹೋಗುತ್ತವೆ. ಎದುರಿಗೆ ಕಾಣುವ ಒಂದೋ ಎರಡೋ ಗೋಡೆ ಸಾಕು. ಮನೆ ಮುಗಿದ ಮೇಲೆ ಅಂಗಡಿಗೆ ಹೋಗಿ ಚಂದದ ದೀಪ ಆರಿಸುವವರು ಆರಿಸುವುದು ಲೋಹ ಗಾಜುಗಳ ಆಕಾರವನ್ನಷ್ಟೇ. ಬೆಳಕನ್ನು ಆರಿಸುವ ಹೊತ್ತು ಅದಕ್ಕಿಂತ ಎಷ್ಟೋ ತಿಂಗಳು ಮುಂಚೆ, ಮೇಸ್ತ್ರಿ ಗಾರೆ ಕಲಸುವ ಮುನ್ನವೇ ಬಂದುಹೋಗಿರುತ್ತದೆ.